ಕಡಲು ದಾಟಿದ ಔಷಧಚೀಟಿ

ಫಿನ್‌ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಗೂ ಎಸ್ಟೋನಿಯದ ರಾಜಧಾನಿಯಾದ ಟ್ಯಾಲಿನ್‌ಗೂ ನಡುವೆ ಸುಮಾರು 80 ಕಿಲೋಮೀಟರು ಅಗಲದ ಕೊಲ್ಲಿಯೊಂದುಂಟು. ಹಡಗಿನಲ್ಲಿ ಕುಳಿತರೆ ಎರಡು ಗಂಟೆಯ ಪ್ರಯಾಣ. ಬೆಂಗಳೂರಿನವರು ಮೈಸೂರಿಗೆ ಹೋಗಿಬರುವಂತೆ ಅಲ್ಲಿಯ ಜನ ಬೆಳಗ್ಗೆ ಹೊರಟು ಸಂಜೆಗೆ ಮರಳುವುದೂ ಉಂಟು. ಎಸ್ಟೋನಿಯದ ಕೆಲಸಗಾರರು ಆ ದಡದಲ್ಲಿ ದುಡಿದು ರಜೆಗೆ ಮನೆಗೆ ಬರುವರು. ಫಿನ್‌ಲೆಂಡಿನ ವೃದ್ಧ ದಂಪತಿಗಳು ವಿಶ್ರಾಂತಿಗೆಂದು ಈ ದಡಕ್ಕೆ ಬಂದು ತಂಗುವರು. ಎರಡೂ ನಾಡುಗಳ ನುಡಿಗಳು ಕನ್ನಡ ತಮಿಳುಗಳಂತೆ ಒಂದೇ ಕುಲಕ್ಕೆ ಸೇರಿದವು. ಇಷ್ಟು ನಿಕಟವಾದ ಈ ಎರಡು ದೇಶಗಳ ನಡುವೆಯೂ, ರಕ್ತದೊತ್ತಡದ ಮಾತ್ರೆ ಮುಗಿದುಹೋದ ಮುದುಕನೊಬ್ಬನು ತನ್ನ ವೈದ್ಯನು ವಿಧಿಸಿದ ಔಷಧವನ್ನೇ ಎದುರುದಡದ ಅಂಗಡಿಯಲ್ಲಿ ಕೊಳ್ಳುವುದು ಬಹುಕಾಲ ಸುಲಭವಾಗಿರಲಿಲ್ಲ. ಕಾಗದದ ಚೀಟಿ ಕೈಯಲ್ಲಿದ್ದರೆ ಐರೋಪ್ಯ ಒಕ್ಕೂಟದ ಕಾನೂನು ಅದನ್ನು ಮಾನ್ಯ ಮಾಡುತ್ತಿದ್ದುದು ನಿಜ; ಆದರೆ 2017ರ ವೇಳೆಗೆ ಫಿನ್‌ಲೆಂಡಿನ ಔಷಧಚೀಟಿಗಳು ಕಾಗದವನ್ನು ತೊರೆದು ‘ಕಾಂತಾ’ ಎಂಬ ರಾಷ್ಟ್ರೀಯ ಗಣಕ ಭಂಡಾರವನ್ನು ಸೇರಿದ್ದುದರಿಂದ, ಮನೆಯೊಳಗೆ ಸೌಕರ್ಯವಾಗಿದ್ದುದೇ ಹೊಸ್ತಿಲು ದಾಟಿದೊಡನೆ ತೊಡಕಾಗಿ ಪರಿಣಮಿಸಿತು.

ಆ ತೊಡಕು ಬಗೆಹರಿದದ್ದು 2019ರ ಜನವರಿ 21ರಂದು. ಅಂದಿನಿಂದ ಫಿನ್‌ಲೆಂಡಿನ ರೋಗಿಯು ಎಸ್ಟೋನಿಯದ ಔಷಧದಂಗಡಿಗೆ ಹೋಗಿ, ತನ್ನ ಗುರುತಿನ ಚೀಟಿಯನ್ನು ತೋರಿಸಿ, ತಾಯ್ನಾಡಿನ ವೈದ್ಯನು ಬರೆದ ಔಷಧವನ್ನು ಪಡೆಯತಕ್ಕ ವ್ಯವಸ್ಥೆ ಆರಂಭವಾಯಿತು. ಐರೋಪ್ಯ ಒಕ್ಕೂಟದಲ್ಲಿ ಔಷಧಚೀಟಿಯೊಂದು ಗಣಕದ ಮೂಲಕ ಹೀಗೆ ನಿತ್ಯದ ವ್ಯವಸ್ಥೆಯಾಗಿ ಗಡಿ ದಾಟಿದ್ದು ಅದೇ ಮೊದಲು. ಸರಿಸುಮಾರು ಅದೇ ಸಮಯಕ್ಕೆ ಚೆಕ್ ದೇಶದಿಂದ ಬಂದ ರೋಗಿಗಳ ಆರೋಗ್ಯ ಸಾರಾಂಶವನ್ನು ಲಕ್ಸೆಂಬರ್ಗಿನ ವೈದ್ಯರು ನೋಡಲು ಶಕ್ತರಾದರು. ಮಾತ್ರೆಯ ಪೊಟ್ಟಣವೊಂದು ಕೈಸೇರಿದ ಈ ಸಂಗತಿ ಯಾವ ರಾಷ್ಟ್ರದ ಇತಿಹಾಸದಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಬರೆಯಲ್ಪಡುವಂಥದಲ್ಲ. ಆದರೂ 2008ರಲ್ಲಿ ಪ್ರಾಯೋಗಿಕ ಯೋಜನೆಯಾಗಿ ಮೊದಲಿಟ್ಟು, 2011ರ ಶಾಸನವೊಂದರಿಂದ ಆಧಾರ ಪಡೆದು, ಹತ್ತು ವರ್ಷಗಳಿಗೂ ಮಿಕ್ಕಿದ ತಾಳ್ಮೆಯಿಂದ ಅನೇಕ ದೇಶಗಳ ವೈದ್ಯರೂ ನ್ಯಾಯವೇತ್ತರೂ ತಂತ್ರಜ್ಞರೂ ಕೂಡಿ ಕಟ್ಟಿದ ಆ ಸೇತುವೆಯ ರಚನೆಯನ್ನು ನಾನು ತಿಳಿದುಕೊಳ್ಳುತ್ತ ಹೋದಂತೆಲ್ಲ, ಮಾನವನ ಅತ್ಯಂತ ಖಾಸಗಿಯಾದ ಮಾಹಿತಿಯನ್ನು ಪರದೇಶಕ್ಕೆ ಕಳುಹಿಸುವಾಗ ಅನುಸರಿಸಬೇಕಾದ ಕ್ರಮವು ಅದರಲ್ಲಿ ಅಡಗಿರುವುದು ಮನದಟ್ಟಾಯಿತು. ವಿಷಯ ಹೋಗಬೇಕು, ಭಂಡಾರ ಹೋಗಕೂಡದು: ಆ ಕ್ರಮದ ಸಾರವನ್ನು ಹೀಗೆ ಹೇಳಬಹುದು.

ಅಂಗಡಿಯ ಕಟ್ಟೆಯ ಹಿಂದೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಔಷಧ ಮಾರುವಾತನು ರೋಗಿಯ ಗುರುತನ್ನು ಪರೀಕ್ಷಿಸಿ ತನ್ನ ಗಣಕದಲ್ಲಿ ಪ್ರಶ್ನೆಯೊಂದನ್ನು ಕೇಳುವನು. ಆ ಪ್ರಶ್ನೆ ನೇರವಾಗಿ ಫಿನ್‌ಲೆಂಡಿನ ಭಂಡಾರಕ್ಕೆ ಹೋಗುವುದಿಲ್ಲ; ಪ್ರತಿಯೊಂದು ದೇಶವೂ ಇಂಥ ವ್ಯವಹಾರಕ್ಕೆಂದೇ ಒಂದು ರಾಷ್ಟ್ರೀಯ ಸಂಪರ್ಕ ಕೇಂದ್ರವನ್ನು, ಎಂದರೆ ಕೋಟೆಗೆ ಒಂದೇ ಹೆಬ್ಬಾಗಿಲನ್ನು, ಇಟ್ಟುಕೊಂಡಿದೆ. ಎಸ್ಟೋನಿಯದ ಹೆಬ್ಬಾಗಿಲಿನಿಂದ ಹೊರಟ ಪ್ರಶ್ನೆಯು ಸಾರ್ವಜನಿಕ ಅಂತರ್ಜಾಲದ ಸಂತೆಯನ್ನು ಬಿಟ್ಟು, ಸರ್ಕಾರಗಳ ನಡುವೆ ಪ್ರತ್ಯೇಕವಾಗಿ ಹಾಸಿದ ಜಾಲದಲ್ಲಿ, ಗೂಢಲಿಪಿಯ ಹೊದಿಕೆ ಹೊದ್ದು, ಫಿನ್‌ಲೆಂಡಿನ ಹೆಬ್ಬಾಗಿಲನ್ನು ಮುಟ್ಟುವುದು. ಅಲ್ಲಿ, ಕೇಳುತ್ತಿರುವವನು ನಿಜವಾಗಿಯೂ ಪರವಾನಗಿಯುಳ್ಳ ಔಷಧ ವಿತರಕನೇ, ಯಾರ ವಿಷಯ ಕೇಳಲಾಗಿದೆಯೋ ಆ ವ್ಯಕ್ತಿ ತನ್ನ ಮಾಹಿತಿ ಹೊರದೇಶಕ್ಕೆ ಹೋಗಬಹುದೆಂದು ಮೊದಲೇ ಸಮ್ಮತಿಯಿತ್ತಿರುವನೇ ಎಂಬ ಪರೀಕ್ಷೆಯಾದ ಬಳಿಕವೇ, ಆ ಚೀಟಿಯಷ್ಟು ಮಾತ್ರ, ಅದರ ಹಿಂದೆ ಮುಂದೆ ಇರುವ ಜೀವಮಾನದ ವೈದ್ಯಚರಿತ್ರೆಯಾವುದೂ ಅಲ್ಲದೆ, ಹೊರಗೆ ಬರುವುದು. ಔಷಧ ಕೊಟ್ಟ ಮೇಲೆ, ಇಂಥ ದಿನ ಇಷ್ಟು ಮಾತ್ರೆಗಳನ್ನು ಕೊಡಲಾಯಿತು ಎಂಬ ಸಮಾಚಾರ ಅದೇ ದಾರಿಯಲ್ಲಿ ಹಿಂದಿರುಗಿ ಮೂಲ ದಾಖಲೆಯಲ್ಲಿ ಬರೆಯಲ್ಪಡುವುದು. ಇಲ್ಲದಿದ್ದರೆ ಒಂದೇ ಚೀಟಿಗೆ ಎರಡು ದಡಗಳಲ್ಲಿಯೂ ಔಷಧ ಕೊಂಡು, ಮರೆವಿನ ಮುದುಕನು ಎರಡು ಪಾಲು ಸೇವಿಸುವ ಅಪಾಯವುಂಟಷ್ಟೆ. ಈ ಕೊನೆಯ ಹೆಜ್ಜೆಯನ್ನು ಮರೆಯದೆ ಸೇರಿಸಿದವರ ಬುದ್ಧಿಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ.

ಆದರೆ ದಾರಿ ಸುರಕ್ಷಿತವಾದ ಮಾತ್ರಕ್ಕೆ ಅರ್ಥವೂ ಸುರಕ್ಷಿತವಾಗಿ ತಲುಪುವುದೆಂದು ತಿಳಿಯಲಾಗದು. ಇದನ್ನು ಮನದಟ್ಟು ಮಾಡಲು ನಮ್ಮವರ ಒಂದು ಉದಾಹರಣೆ ಸಾಕು. ನನ್ನ ಹಿರಿಯ ಸ್ನೇಹಿತರೊಬ್ಬರು ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ಇಂಗ್ಲೆಂಡಿಗೆ ಹೊರಟಾಗ, ಉಪ್ಪಿನಕಾಯಿಯ ಭರಣಿಯಷ್ಟೇ ಎಚ್ಚರಿಕೆಯಿಂದ ದಪ್ಪನೆಯ ಫೈಲೊಂದನ್ನು ಕೈಚೀಲದಲ್ಲಿಟ್ಟುಕೊಂಡರು. ಡಿಸ್ಚಾರ್ಜ್ ಸಮ್ಮರಿ, ಇಸಿಜಿ, ಹತ್ತು ವರ್ಷಗಳ ರಕ್ತಪರೀಕ್ಷೆಯ ರಿಪೋರ್ಟುಗಳು, ಔಷಧದಂಗಡಿಯ ಬಿಲ್ಲುಗಳು ಎಲ್ಲವೂ ಅದರಲ್ಲಿದ್ದುವು. ಒಂದು ರಿಪೋರ್ಟಿನಲ್ಲಿ ಊಟವಾದ ಮೇಲಿನ ಸಕ್ಕರೆ 180 ಎಂದಿದೆ. ನಮ್ಮಲ್ಲಿ ಅದನ್ನು ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಎಂದು ಅಳೆಯುವರು. ಇಂಗ್ಲೆಂಡಿನಲ್ಲಿ ಒಂದು ಲೀಟರಿನಲ್ಲಿ ಇಷ್ಟು ಮಿಲಿಮೋಲ್ ಎಂದು ಅಳೆಯುವುದರಿಂದ ಅದೇ ರಕ್ತಕ್ಕೆ ಅಲ್ಲಿ 10 ಎಂದು ಬರೆಯುವರು. ಮೂರು ತಿಂಗಳ ಸರಾಸರಿಯನ್ನು ನಾವು ಶೇಕಡಾ 7 ಎಂದರೆ ಅವರು 53 ಎನ್ನುವರು. ಮೂತ್ರಪಿಂಡದ ಕ್ಷೇಮವನ್ನು ಸೂಚಿಸುವ ಕ್ರಿಯಾಟಿನಿನ್ ಇಲ್ಲಿ 1.2 ಇದ್ದರೆ ಅಲ್ಲಿ 106 ಆಗುವುದು. ಒಂದು ಊರಿನ ನೆಮ್ಮದಿಯ ಅಂಕಿ ಇನ್ನೊಂದು ಊರಿನಲ್ಲಿ ಗಾಬರಿಯ ಅಂಕಿ. ಜರ್ಮನಿ, ಫಿನ್‌ಲೆಂಡ್ ಮೊದಲಾದ ನಾಡುಗಳಲ್ಲಿ ಒಂದೂವರೆಯನ್ನು ಬರೆಯುವಾಗ ಒಂದಕ್ಕೂ ಐದಕ್ಕೂ ನಡುವೆ ಚುಕ್ಕೆಯಿಡದೆ ಅಲ್ಪವಿರಾಮವಿಡುವರು; ಅವಸರದ ಕಣ್ಣಿಗೆ ಅದು ಹದಿನೈದಾದೀತು. ನಾವು ಮಾರ್ಚ್ ನಾಲ್ಕೆಂದು ಬರೆದ ತಾರೀಖನ್ನು ಅಮೆರಿಕದವರು ಏಪ್ರಿಲ್ ಮೂರೆಂದು ಓದುವರು.

ಔಷಧದ ಹೆಸರಿನ ಕಥೆಯೂ ಇಂಥದೇ. ಬೆಂಗಳೂರಿನ ಕಂಪನಿಯೊಂದು ತಯಾರಿಸುವ ಡೋಲೋ 650 ನಮ್ಮ ಮನೆಮನೆಯ ಪರಿಚಿತ. ಆ ಹೆಸರನ್ನು ಹೊರನಾಡಿನ ವೈದ್ಯರಿಗೆ ಹೇಳಿದರೆ ಅವರಿಗೆ ಏನೂ ಹೊಳೆಯದು. ಅದರೊಳಗಿನ ಪ್ಯಾರಾಸಿಟಮಾಲ್ ಎಂಬ ಮೂಲದ್ರವ್ಯದ ಹೆಸರನ್ನು ಹೇಳಿದರೆ ಇಂಗ್ಲೆಂಡಿನಲ್ಲಿ ತಿಳಿಯುವುದು. ಅಮೆರಿಕದಲ್ಲಾದರೋ ಅದೇ ದ್ರವ್ಯಕ್ಕೆ ಅಸಿಟಮಿನೊಫೆನ್ ಎಂಬ ಬೇರೆ ಹೆಸರು. ಈ ಗೊಂದಲವನ್ನು ನಿವಾರಿಸಲು ವಿಶ್ವ ಆರೋಗ್ಯ ಸಂಸ್ಥೆಯ ಓಸ್ಲೋ ನಗರದ ಕೇಂದ್ರವು ಔಷಧಗಳಿಗೆಲ್ಲ ಸಂಕೇತಗಳನ್ನು ಗೊತ್ತುಪಡಿಸುತ್ತದೆ; ವ್ಯಾಧಿಗಳಿಗೂ ಪರೀಕ್ಷೆಗಳಿಗೂ ಬೇರೆಬೇರೆ ಸಂಕೇತಕೋಶಗಳುಂಟು. ಫಿನ್ನಿಷ್ ಭಾಷೆಯಲ್ಲಿ ಬರೆದ ಚೀಟಿ ಎಸ್ಟೋನಿಯನ್ ಭಾಷೆಯಲ್ಲಿ ತೆರೆದುಕೊಳ್ಳುವುದು ಅನುವಾದಕನ ಪ್ರತಿಭೆಯಿಂದಲ್ಲ, ಎರಡೂ ಕಡೆಯವರು ಮೊದಲೇ ಕೂತು ಒಪ್ಪಿಕೊಂಡ ಇಂಥ ಕೋಷ್ಟಕಗಳ ಬಲದಿಂದ. ಸಂಶಯ ಬಂದರೆ ನೋಡಿಕೊಳ್ಳಲು ಮೂಲ ಪ್ರತಿಯೂ ಜೊತೆಯಲ್ಲಿಯೇ ಇರುವುದು.

2021ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು ರೋಗಿಯ ಸಾರಾಂಶಕ್ಕೊಂದು ಸರ್ವಸಮ್ಮತ ರೂಪವನ್ನು ಪ್ರಕಟಿಸಿತು. ಅದರ ಪ್ರಕಾರ ಬೇರೆ ಏನಿರಲಿ ಬಿಡಲಿ, ಸೇವಿಸುತ್ತಿರುವ ಔಷಧಗಳು, ಒಗ್ಗದ ವಸ್ತುಗಳು, ಇರುವ ವ್ಯಾಧಿಗಳು ಈ ಮೂರು ಇರಲೇಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಅಲರ್ಜಿಯ ಜಾಗವನ್ನು ಸುಮ್ಮನೆ ಖಾಲಿ ಬಿಡುವಂತಿಲ್ಲ. “ಯಾವ ಅಲರ್ಜಿಯೂ ತಿಳಿದುಬಂದಿಲ್ಲ” ಎಂಬುದು ಒಂದು ಮಾತು. “ಅಲರ್ಜಿಯ ಬಗ್ಗೆ ಮಾಹಿತಿ ದೊರಕಿಲ್ಲ” ಎಂಬುದು ಇನ್ನೊಂದು ಮಾತು. ಮೊದಲನೆಯದನ್ನು ಓದಿದ ವೈದ್ಯನು ಧೈರ್ಯದಿಂದ ಪೆನಿಸಿಲಿನ್ ಚುಚ್ಚುವನು. ಎರಡನೆಯದನ್ನು ಓದಿದವನು ಕೈತಡೆದು ಮನೆಯವರನ್ನು ವಿಚಾರಿಸುವನು. ಶೂನ್ಯಕ್ಕೂ ಅಜ್ಞಾನಕ್ಕೂ ಇರುವ ಈ ಭೇದ ತರ್ಕಶಾಸ್ತ್ರದ ತರಗತಿಯಲ್ಲಿ ಒಣ ವಿಚಾರವಾಗಿ ತೋರಬಹುದು. ರಾತ್ರಿ ಎರಡು ಗಂಟೆಯಲ್ಲಿ ಪ್ರಜ್ಞೆತಪ್ಪಿದ ಅಪರಿಚಿತನೊಬ್ಬನು ಸ್ಟ್ರೆಚರಿನ ಮೇಲೆ ಮಲಗಿರುವಾಗ ಅದು ಪ್ರಾಣಕ್ಕೆ ಸಂಬಂಧಿಸಿದ ಭೇದ.

ಇನ್ನು ವಿಶ್ವಾಸದ ಮಾತು. ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಆಡಕೂಡದೆಂದು ಚರಕಸಂಹಿತೆಯ ವಿಮಾನಸ್ಥಾನವು ಶಿಷ್ಯನಿಗೆ ವಿಧಿಸುತ್ತದೆ. ಗ್ರೀಸಿನ ಹಿಪಾಕ್ರೆಟಿಸನ ಹೆಸರಿನಲ್ಲಿ ಪ್ರಸಿದ್ಧವಾದ ಪ್ರತಿಜ್ಞೆಯೂ ಅದನ್ನೇ ಹೇಳುತ್ತದೆ. ಪರಸ್ಪರ ದೂರವಾಗಿದ್ದ ಎರಡು ಸಂಸ್ಕೃತಿಗಳು ವೈದ್ಯನ ಬಾಯಿಗೆ ಒಂದೇ ಬೀಗವನ್ನು ಹಾಕಿದುವೆಂದರೆ, ಅದು ಸಂಪ್ರದಾಯದ ವಿಚಾರವಾಗಿರದೆ ಚಿಕಿತ್ಸೆಯ ಸ್ವರೂಪಕ್ಕೆ ಸೇರಿದ ವಿಚಾರವಾಗಿರಬೇಕು. ಹೇಳಿದ್ದು ಹರಡುವುದೆಂಬ ಭಯವಿದ್ದಲ್ಲಿ ರೋಗಿ ನಿಜ ಹೇಳನು, ನಿಜ ತಿಳಿಯದಲ್ಲಿ ವೈದ್ಯನು ನಿದಾನ ಮಾಡಲಾರನು. ಆದರೆ ಆ ಶಾಸ್ತ್ರಕಾರರು ಕಂಡಿದ್ದುದು ಒಬ್ಬ ವೈದ್ಯನನ್ನೂ ಒಂದು ಮನೆಯನ್ನೂ. ಇಂದು ರೋಗಿಯ ಗುಟ್ಟು ಗಣಕಯಂತ್ರಗಳಲ್ಲಿ, ಅವನು ಎಂದೂ ನೋಡದ ನೂರಾರು ಜನರ ಕೈಯಳತೆಯಲ್ಲಿ ವಾಸಿಸುತ್ತಿದೆ.

ಮೇಲೆ ಹೊಗಳಿದ ಫಿನ್‌ಲೆಂಡಿನಲ್ಲಿಯೇ 2020ರಲ್ಲಿ ನಡೆದುದನ್ನು ಮರೆಮಾಚಿದರೆ ಓದುಗರಿಗೆ ಅನ್ಯಾಯವಾದೀತು. ಅಲ್ಲಿಯ ಖಾಸಗಿ ಮನೋಚಿಕಿತ್ಸಾ ಸಂಸ್ಥೆಯೊಂದರ ದಾಖಲೆಗಳನ್ನು ಕದ್ದವನು ಸಂಸ್ಥೆಯನ್ನು ಬೆದರಿಸಿದ್ದು ಸಾಲದೆಂದು ರೋಗಿಗಳಿಗೇ ನೇರವಾಗಿ ಪತ್ರ ಬರೆದು ಹಣ ಕೇಳಿದನು. ಸುಮಾರು 33,000 ಜನ, ದಾಂಪತ್ಯದ ದುಃಖವನ್ನೋ ಬಾಲ್ಯದ ಗಾಯವನ್ನೋ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಒಬ್ಬರಿಗೆ ಹೇಳಿಕೊಂಡಿದ್ದವರು, ಅದು ಲೋಕದ ಮುಂದೆ ಹರಡುವುದೆಂಬ ಭಯದಲ್ಲಿ ಬೆಂದರು. ಕೆಲವರ ದಾಖಲೆಗಳು ಬಯಲಿಗೆ ಬಂದೇ ಬಂದುವು. ಆರೋಪಿಯು 2023ರಲ್ಲಿ ಸಿಕ್ಕಿಬಿದ್ದುದು ಫ್ರಾನ್ಸಿನಲ್ಲಿ. 2024ರಲ್ಲಿ ಫಿನ್‌ಲೆಂಡಿನ ಕೆಳನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. ರಾಷ್ಟ್ರೀಯ ಭಂಡಾರಕ್ಕೂ ಈ ಕಳವಿಗೂ ಸಂಬಂಧವಿರಲಿಲ್ಲ. ಆ ಸಂಸ್ಥೆಯು ತನ್ನದೇ ಯಂತ್ರದಲ್ಲಿ ದಾಖಲೆಗಳನ್ನು ಅಲಕ್ಷ್ಯದಿಂದ ಇಟ್ಟುಕೊಂಡಿತ್ತು. ಆದುದರಿಂದ ಗಡಿಯಲ್ಲಿ ಎಷ್ಟೇ ಗಟ್ಟಿಯಾದ ಹೆಬ್ಬಾಗಿಲನ್ನು ನಿಲ್ಲಿಸಿದರೂ, ಹಿತ್ತಿಲಿನ ಬೇಲಿ ಮುರಿದಿದ್ದರೆ ರಕ್ಷಣೆಯಿಲ್ಲ. ಚಿಕಿತ್ಸೆಗಾಗಿ ಮಾಹಿತಿ ಗಡಿ ದಾಟಬೇಕಾದರೆ ಹತ್ತು ವರ್ಷಗಳ ಸಂಧಾನ ಬೇಕಾಯಿತು. ಕಳವಿಗೆ ಯಾವ ಒಪ್ಪಂದವೂ ಬೇಕಾಗಲಿಲ್ಲ.

ಮಾಹಿತಿಯನ್ನು ಕಳುಹಿಸದೆಯೇ ಅದರ ಸತ್ಯವನ್ನು ದೇಶಾಂತರದಲ್ಲಿ ಸ್ಥಾಪಿಸುವ ಉಪಾಯವೂ ಉಂಟೆಂಬುದನ್ನು ಕೊರೋನಾ ಕಾಲ ತೋರಿಸಿಕೊಟ್ಟಿತು. 2021ರ ಜುಲೈ 1ರಿಂದ ಐರೋಪ್ಯ ಒಕ್ಕೂಟದಲ್ಲಿ ಜಾರಿಗೆ ಬಂದ ಲಸಿಕೆಯ ಪ್ರಮಾಣಪತ್ರವನ್ನು ಅದಕ್ಕೆ ನಿದರ್ಶನವಾಗಿ ಕೊಡಬಹುದು. ಆ ಪತ್ರದ ಮೇಲಿದ್ದ ಕ್ಯೂಆರ್ ಎಂಬ ಚೌಕುಳಿ ಚಿತ್ರದೊಳಗೆ ಲಸಿಕೆಯ ವಿವರವೂ, ಕೊಟ್ಟ ಅಧಿಕಾರಿಯ ಗಣಿತಮುದ್ರೆಯೂ ಅಡಕವಾಗಿದ್ದುವು. ಹಿಂದೆ ಅರಮನೆಯ ಶಾಸನದ ನಿಜವನ್ನು ಅದರ ಮುದ್ರೆಯಿಂದಲೇ ತಿಳಿಯುತ್ತಿದ್ದಂತೆ, ಇಲ್ಲಿಯೂ ಮುದ್ರೆಯನ್ನು ಒತ್ತುವ ಗುಪ್ತ ಕೀಲಿ ಪತ್ರ ಕೊಟ್ಟವರ ಬಳಿಯೇ ಉಳಿಯುವುದು. ಮುದ್ರೆಯ ಸಾಚಾತನವನ್ನು ಪರೀಕ್ಷಿಸುವ ಬಹಿರಂಗ ಕೀಲಿ ಮಾತ್ರ ದೇಶದಿಂದ ದೇಶಕ್ಕೆ ಹಂಚಲ್ಪಡುವುದು. ರೋಮಿನ ವಿಮಾನ ನಿಲ್ದಾಣದಲ್ಲಿ ಪತ್ರವನ್ನು ಪರೀಕ್ಷಿಸುವಾತನು ಪ್ರಯಾಣಿಕನ ತಾಯ್ನಾಡಿನ ಆಸ್ಪತ್ರೆಯನ್ನು ಕೇಳಬೇಕಾಗಿರಲಿಲ್ಲ. ಆ ಪ್ರಯಾಣಿಕನು ಎಲ್ಲಿದ್ದಾನೆಂಬುದು ತಾಯ್ನಾಡಿಗೂ ತಿಳಿಯುತ್ತಿರಲಿಲ್ಲ. ಒಕ್ಕೂಟದ ಹೊರಗಿನ 51 ದೇಶ ಪ್ರದೇಶಗಳು ಈ ಏರ್ಪಾಟಿಗೆ ಸೇರಿಕೊಂಡುವು. 2023ರ ನಡುವಿನಲ್ಲಿ ಐರೋಪ್ಯ ವಿಧಿಯ ಅವಧಿ ಮುಗಿದಾಗ ವಿಶ್ವ ಆರೋಗ್ಯ ಸಂಸ್ಥೆ ಅದೇ ತಳಹದಿಯ ಮೇಲೆ ತನ್ನ ಜಾಲವನ್ನು ಕಟ್ಟಿಕೊಂಡಿತು. ಮುಂದಿನ ವರ್ಷದ ಹಜ್ ಯಾತ್ರೆಯಲ್ಲಿ ಇಂಡೋನೇಷ್ಯ, ಮಲೇಷ್ಯ, ಒಮಾನ್ ದೇಶಗಳ ಯಾತ್ರಿಕರು ತಮ್ಮ ಆರೋಗ್ಯ ಸಾರಾಂಶವನ್ನು ಆ ಜಾಲದ ಆಧಾರದಿಂದ ಕೈಯಲ್ಲಿಯೇ ಒಯ್ದರು. ಬಿಸಿಲಿನಲ್ಲಿ ಬಳಲಿ ಬಿದ್ದ ವೃದ್ಧ ಯಾತ್ರಿಕನಿಗೆ ಮಧುಮೇಹವುಂಟೆಂಬುದನ್ನು ಅವನ ಭಾಷೆಯರಿಯದ ವೈದ್ಯನು ಕ್ಷಣದಲ್ಲಿ ತಿಳಿಯುವುದಾದರೆ, ಅದಕ್ಕಿಂತ ಸಾರ್ಥಕವಾದ ವಿನಿಯೋಗ ಈ ವಿದ್ಯೆಗೆ ಬೇರೆ ಯಾವುದು?

ನಮ್ಮ ನಾಡಿಗೂ ಈ ವಿಷಯ ಪರಕೀಯವಲ್ಲ. 2002ರಲ್ಲಿ ಡಾ. ಅರ್ಜುನ್ ಕಲ್ಯಾಣಪುರ ಮೊದಲಾದವರು ಬೆಂಗಳೂರಿನಲ್ಲಿ ದೂರ ವಿಕಿರಣಚಿತ್ರ ಪರೀಕ್ಷೆಯ ಸಂಸ್ಥೆಯೊಂದನ್ನು ತೆರೆದಂದಿನಿಂದ, ಅಮೆರಿಕದ ಆಸ್ಪತ್ರೆಗಳಲ್ಲಿ ನಡುರಾತ್ರಿಯಲ್ಲಿ ತೆಗೆದ ಸ್ಕ್ಯಾನುಗಳನ್ನು ಬೆಂಗಳೂರಿನ ಹಗಲಿನಲ್ಲಿ ಅಲ್ಲಿಯ ಪರವಾನಗಿ ಪಡೆದ ತಜ್ಞರು ಓದಿ ಅಭಿಪ್ರಾಯ ಕಳುಹಿಸುತ್ತಿದ್ದಾರೆ. ಭೂಮಿಯ ಆವರ್ತನವೇ ಇಲ್ಲಿ ಚಿಕಿತ್ಸೆಗೆ ಸಹಾಯಕವಾಯಿತು. ಇಂಥ ಚಿತ್ರದ ಕಡತದೊಳಗೆ ಎಲುಬಿನ ನೆರಳಷ್ಟೇ ಅಲ್ಲ, ರೋಗಿಯ ಹೆಸರೂ ಜನ್ಮದಿನವೂ ಹುದುಗಿರುವುವೆಂಬುದನ್ನು ಹೊರಗಿನವರು ಬಹುಶಃ ಅರಿಯರು. ಆ ಕೆಲಸದಲ್ಲಿರುವವರು ಅದನ್ನು ಕ್ಷಣವೂ ಮರೆಯುವಂತಿಲ್ಲ. ಮರೆತಾಗ ಏನಾಗುವುದೆಂಬುದಕ್ಕೆ 2003ರ ಒಂದು ನಿದರ್ಶನವಿದೆ. ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯಕೀಯ ಕೇಂದ್ರವೊಂದು ವೈದ್ಯರ ಧ್ವನಿಮುದ್ರಿತ ಟಿಪ್ಪಣಿಗಳನ್ನು ಬೆರಳಚ್ಚು ಮಾಡಲು ಒಬ್ಬರಿಗೆ ವಹಿಸಿತು. ಅವರು ಇನ್ನೊಬ್ಬರಿಗೆ, ಆ ಇನ್ನೊಬ್ಬರು ಮತ್ತೊಬ್ಬರಿಗೆ ವಹಿಸುತ್ತ, ಕೆಲಸ ಕರಾಚಿಯ ಮಹಿಳೆಯೊಬ್ಬಳ ಮೇಜಿಗೆ ಬಂದುಬಿಟ್ಟಿತು. ಕೂಲಿ ಸಿಗದ ಆಕೆ, ಬಾಕಿ ಕೊಡದಿದ್ದರೆ ರೋಗಿಗಳ ವಿವರಗಳನ್ನು ಬಯಲು ಮಾಡುವೆನೆಂದು ಬರೆದಳು. ತನ್ನ ರೋಗಿಗಳ ಗುಟ್ಟು ಅಷ್ಟು ದೂರ ಹೋಗಿದೆಯೆಂಬುದು ಆ ಆಸ್ಪತ್ರೆಗೆ ತಿಳಿದದ್ದೇ ಆ ಪತ್ರದಿಂದ. ಬೆದರಿಕೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಆ ಸರಪಳಿಯಲ್ಲಿ ರೋಗಿಯ ಮಾನಕ್ಕೂ ಕೆಲಸಗಾರಳ ಕೂಲಿಗೂ ಸಮಾನವಾದ ಅವಜ್ಞೆ ಇದ್ದುದನ್ನು ನಾನು ಲಕ್ಷಿಸದೆ ಇರಲಾರೆ.

ಖಾಸಗಿತನವು ಮೂಲಭೂತ ಹಕ್ಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಏಕಮತದಿಂದ ಸಾರಿದ ತೀರ್ಪು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನಿಂದಲೇ ಪ್ರಖ್ಯಾತವಾಗಿದೆ; ವೃದ್ಧಾಪ್ಯದಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದ ಆ ಹಿರಿಯರಿಗೆ ದೇಶವೇ ಋಣಿ. ತರುವಾಯ 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮವು, ಕೇಂದ್ರ ಸರ್ಕಾರ ನಿರ್ಬಂಧಿಸಿದ ದೇಶಗಳನ್ನುಳಿದು ಬೇರೆಡೆಗೆ ಮಾಹಿತಿ ಹೋಗಬಹುದೆಂಬ ಕ್ರಮವನ್ನಿಟ್ಟುಕೊಂಡಿದೆ. ಯುರೋಪಿನ ಶಾಸನವು ಆರೋಗ್ಯದ ಮಾಹಿತಿಯನ್ನು ವಿಶೇಷ ವರ್ಗವೆಂದು ಪ್ರತ್ಯೇಕಿಸಿ ಹೆಚ್ಚಿನ ಕಾವಲಿಟ್ಟಿದ್ದರೆ, ನಮ್ಮ ಅಧಿನಿಯಮ ಅಂಥ ವಿಭಾಗವನ್ನು ಮಾಡಲಿಲ್ಲ. ದೂರವಾಣಿಯ ಸಂಖ್ಯೆಯೂ ಗರ್ಭಪಾತದ ದಾಖಲೆಯೂ ಒಂದೇ ತೂಕದವೆಂದು ಒಪ್ಪುವುದು ನನ್ನಿಂದಾಗದು. ಈ ಕೊರತೆಯನ್ನು ತಿದ್ದಿಕೊಳ್ಳಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಸಂಶೋಧನೆಗಾಗಿ ಮಾಹಿತಿ ಬೇಕಾದಾಗ ಪ್ರಶ್ನೆ ಮತ್ತಷ್ಟು ಜಟಿಲವಾಗುವುದು. ಐಸ್‌ಲೆಂಡ್ 1998ರಲ್ಲಿ ತನ್ನ ಪ್ರಜೆಗಳೆಲ್ಲರ ವೈದ್ಯದಾಖಲೆಗಳನ್ನು ಒಂದುಗೂಡಿಸಿ ಖಾಸಗಿ ಕಂಪನಿಯ ವಶಕ್ಕೆ ಕೊಡಲು ಶಾಸನ ಮಾಡಿತು. ಬೇಡವೆಂದು ಹೇಳದವರೆಲ್ಲ ಒಪ್ಪಿದವರೆಂದೇ ಅದರ ಎಣಿಕೆ. ತರುಣಿಯೊಬ್ಬಳು, ತೀರಿಹೋದ ತನ್ನ ತಂದೆಯ ದಾಖಲೆ ಅದರಲ್ಲಿ ಸೇರಕೂಡದೆಂದು ನ್ಯಾಯಾಲಯಕ್ಕೆ ಹೋದಳು. ತಂದೆಯ ರಕ್ತದ ವಿಚಾರ ಮಗಳ ರಕ್ತದ ವಿಚಾರವೂ ಹೌದೆಂಬ ಆಕೆಯ ವಾದವನ್ನು 2003ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಮನ್ನಿಸಿತು. ಆ ಮಹಾಭಂಡಾರ ಕಡೆಗೂ ಕಟ್ಟಲ್ಪಡಲಿಲ್ಲ. 2025ರ ಮಾರ್ಚ್ 26ರಂದು ಜಾರಿಗೆ ಬಂದ ಐರೋಪ್ಯ ಆರೋಗ್ಯ ದತ್ತಾಂಶದ ಹೊಸ ವಿಧಿಯು ಬೇರೆ ಹಾದಿ ಹಿಡಿದಿದೆ. ಸಂಶೋಧಕನು ಅನುಮತಿ ಪಡೆದು ಕಾವಲಿರುವ ಗಣಕಮಂದಿರದೊಳಗೆ ತಾನೇ ಹೋಗಿ ಲೆಕ್ಕಹಾಕಬೇಕು. ಹೊರಗೆ ತರಬಹುದಾದದ್ದು ಯಾರ ಗುರುತೂ ಇಲ್ಲದ ಫಲಿತಾಂಶವನ್ನು ಮಾತ್ರ. ವಿಮೆಯ ಕಂತನ್ನು ಏರಿಸಲು, ಜಾಹೀರಾತು ಮಾಡಲು ಅದನ್ನು ಬಳಸುವಂತಿಲ್ಲ. ಬೇಡವೆನ್ನುವ ಹಕ್ಕು ರೋಗಿಗೆ ಉಂಟು. ಚಿಕಿತ್ಸೆಯ ವಿಷಯದಲ್ಲಾದರೆ 2029ರ ಮಾರ್ಚಿನೊಳಗೆ ಸಾರಾಂಶಗಳೂ ಔಷಧಚೀಟಿಗಳೂ, 2031ರೊಳಗೆ ಸ್ಕ್ಯಾನುಗಳೂ ಪ್ರಯೋಗಾಲಯದ ಫಲಿತಾಂಶಗಳೂ ಒಕ್ಕೂಟದ ದೇಶಗಳ ನಡುವೆ ಸಂಚರಿಸತಕ್ಕದ್ದೆಂದು ಗಡುವುಗಳನ್ನು ಇಟ್ಟಿದ್ದಾರೆ.

ಎಸ್ಟೋನಿಯದಲ್ಲಿ ಪ್ರಜೆಯು ತನ್ನ ದಾಖಲೆಯನ್ನು ತೆರೆದರೆ, ಅದನ್ನು ಯಾರು ಎಂದು ನೋಡಿದರೆಂಬ ಪಟ್ಟಿಯೂ ಅಲ್ಲಿರುವುದು. ಕಾರಣವಿಲ್ಲದೆ ಇಣುಕಿದ ವೈದ್ಯನು ಉತ್ತರ ಹೇಳಬೇಕಾಗುವುದು. ನನ್ನ ದೃಷ್ಟಿಯಲ್ಲಿ ಗೂಢಲಿಪಿಗಿಂತಲೂ ಇದು ಹಿರಿದಾದ ರಕ್ಷಣೆ. ಬೀಗವನ್ನು ತಜ್ಞರು ಮಾಡಬಲ್ಲರು. ಆದರೆ ಬಾಗಿಲು ಯಾರಿಗೆ ತೆರೆಯಿತೆಂದು ಮನೆಯ ಯಜಮಾನನಿಗೆ ತಿಳಿದಿರಬೇಕಾದುದು ನ್ಯಾಯ.

ನನ್ನ ಸ್ನೇಹಿತರ ಫೈಲಿನ ಕಥೆಯನ್ನು ಅರ್ಧಕ್ಕೇ ಬಿಟ್ಟಿದ್ದೆ. ನಮಗೂ ಇಂಗ್ಲೆಂಡಿಗೂ ನಡುವೆ ಅಂಥ ಹೆಬ್ಬಾಗಿಲು ಇನ್ನೂ ತೆರೆದಿಲ್ಲವಾದುದರಿಂದ, ಅಲ್ಲಿಗೆ ತಲುಪಿದ ಮರುದಿನವೇ ಅವರ ಮಗಳು, ಮಗುವನ್ನು ಅಮ್ಮನ ತೊಡೆಯ ಮೇಲೆ ಮಲಗಿಸಿ, ಆ ದಪ್ಪ ಫೈಲನ್ನು ಹರಡಿಕೊಂಡು ಕುಳಿತಳಂತೆ. ಅಂಗಡಿಯ ಬಿಲ್ಲುಗಳಲ್ಲಿದ್ದ ಬ್ರ್ಯಾಂಡುಗಳ ಹೆಸರನ್ನು ಹೊಡೆದುಹಾಕಿ ಮೂಲದ್ರವ್ಯಗಳ ಹೆಸರನ್ನೂ ಪ್ರಮಾಣವನ್ನೂ ಬರೆದಳು. ಸಕ್ಕರೆಯ ಅಂಕಿಯ ಪಕ್ಕದಲ್ಲಿ ಎರಡು ದೇಶಗಳ ಅಳತೆಯನ್ನೂ ಇಟ್ಟಳು. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆದಳು. ಕೊನೆಗೆ, “ಅಪ್ಪಾ, ನಿಮಗೆ ಯಾವ ಔಷಧವಾದರೂ ಒಗ್ಗುವುದಿಲ್ಲವೇ?” ಎಂದು ಕೇಳಿದಳು. ಎಪ್ಪತ್ತು ದಾಟಿದ ಅವರು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಹುಡುಗತನದಲ್ಲಿ ಊರ ಡಾಕ್ಟರು ಕೊಟ್ಟ ಸಲ್ಫಾ ಮಾತ್ರೆಯೊಂದರಿಂದ ಮೈಯೆಲ್ಲ ದದ್ದು ಎದ್ದುದನ್ನು ಹೇಳಿದರು. ಆ ಫೈಲಿನ ನೂರಿಪ್ಪತ್ತು ಹಾಳೆಗಳಲ್ಲಿ ಅದು ಎಲ್ಲಿಯೂ ಇರಲಿಲ್ಲ.